ಕೆಮ್ಮಿದ ಜಾಗಗಳು

ಆ ಗ್ರಂಥಾಲಯದಲ್ಲಿ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ತಲೆಯೆಲ್ಲ ನರೆತ, ಅವನಿಗಿಂತ ಎಷ್ಟೋ ಹಿರಿಯಳಾದ ಮೇಲ್ವಿಚಾರಕಿಯೂ ಸಂಕೋಚವಿಲ್ಲದೆ ಅಣ್ಣ ಎನ್ನುತ್ತಿದ್ದಳು. ಅದಕ್ಕೆ ಕಾರಣ ಅವನ ತಂಗಿ ಪುಟ್ಟಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಗ್ರಂಥಾಲಯ ಅದು. ಗಾಜಿನ ಗೋಡೆಯ ಆಚೆ ಪುಟ್ಟಿ ಕೂತು ಓದುತ್ತಿದ್ದಳು. ಈಚೆ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಂತ್ರ ನಡೆಸುತ್ತಿದ್ದ. ಪುಟಕ್ಕೊಂದು ಸಲವಾದರೂ ಅವಳು "ಅಣ್ಣಾ" ಎಂದು ಮೈಕಿನಲ್ಲಿ ಕೂಗುವುದು ಹಜಾರದವರೆಗೂ ಕೇಳಿ ಕೇಳಿ, ಕಟ್ಟಡಕ್ಕೆಲ್ಲ ಅವನು ಅಣ್ಣನಾಗಿಬಿಟ್ಟಿದ್ದ.

ಪುಟ್ಟಿ ಈ ಕೆಲಸಕ್ಕೆ ಸೇರಿದ್ದು ಅಮ್ಮನಿಂದಾಗಿ. ಅಮ್ಮನ ಕಣ್ಣು ಮಂಜಾಗಿ ಮಂಜಾಗಿ ಕಡೆಗೆ ಪೂರ್ತಿ ಹೋದಾಗ, ಮನೆಯಲ್ಲಿ ದಿನವೂ ಓದಿ ಹೇಳುತ್ತಿದ್ದವಳು ಅವಳೇ. ಹೇಗೂ ಗಂಟಲು ಹರಿದುಕೊಳ್ಳುತ್ತೀಯ, ಹತ್ತು ಜನಕ್ಕೆ ಕೇಳುವ ಹಾಗೆ ಹರಿದುಕೋ ಎಂದು ಅಣ್ಣನೇ ಅವಳನ್ನು ಎಳೆದುಕೊಂಡು ಬಂದಿದ್ದ.

ಈಗ ಅವಳಿಲ್ಲ. ಚಳಿಗಾಲದಲ್ಲಿ ಹಿಡಿದ ಕೆಮ್ಮು ಎದೆಗಿಳಿದು, ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತು. ಓದುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತುಹೋಯಿತು.

ಕೆಲವು ವಾರ ಕಳೆದ ಮೇಲೆ ಅಣ್ಣ ಅವಳು ಓದಿ ಮುಗಿಸಿದ್ದ ಪುಸ್ತಕಗಳ ಕ್ಯಾಸೆಟ್ಟುಗಳನ್ನು ಚೀಲದ ತುಂಬ ಮನೆಗೆ ತಂದ. ಅಮ್ಮನಿಗೆ ಸಮಾಧಾನವಾದೀತು ಎಂಬ ಆಸೆ. ಅಮ್ಮ ಸ್ವಲ್ಪ ಹೊತ್ತು ಕೇಳಿ, ನಿಲ್ಲಿಸು ಎಂದಳು.

"ಇದ್ರಲ್ಲಿ ಅವಳು ಊರಿಗೆಲ್ಲ ಓದ್ತಾಳೆ. ನಂಗೆ ನಿನ್ ಜೊತೆ ಜಗಳ ಆಡ್ತಿದ್ಲಲ್ಲ, ಅದು ಬೇಕು."

ಅಮ್ಮ ಕೇಳಿದ್ದರಲ್ಲಿ ಅರ್ಥವಿತ್ತು. ಕ್ಯಾಸೆಟ್ಟಿನಲ್ಲಿ ಇರುವುದು ತೊಳೆದು ಇಸ್ತ್ರಿ ಮಾಡಿದ ಧ್ವನಿ. ಅಸಲು ಮುದ್ರಣದಲ್ಲಿ ಪುಟ್ಟಿ ತಪ್ಪು ಓದುತ್ತಿದ್ದಳು, ನಗುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಇಂಥ ವಾಕ್ಯ ಬರೆದವನಿಗೆ ಮೂಗುದಾರ ಹಾಕಬೇಕು ಎಂದು ಬಯ್ಯುತ್ತಿದ್ದಳು, ಅಣ್ಣನ ಬೋಳಾಗುತ್ತಿದ್ದ ತಲೆಯನ್ನು ಗಾಜಿನಾಚೆಯಿಂದ ಆಡಿಕೊಳ್ಳುತ್ತಿದ್ದಳು. ಅಣ್ಣ ಕೂತು ಅವನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದ. ಪುಸ್ತಕ ಮುಗಿದು ಕ್ಯಾಸೆಟ್ಟಾದ ಕೂಡಲೇ ಅಸಲು ಅಳಿಸಬೇಕು, ಡಿಸ್ಕಿನಲ್ಲಿ ಜಾಗ ಕಮ್ಮಿ. ಅದು ಅಲ್ಲಿನ ರೂಢಿ. ಹಾಗಾಗಿ ಅಂಥ ಪುಟ್ಟಿ ಉಳಿದಿದ್ದದ್ದು ಒಂದೇ ಕಡೆ: ಆ ಅರ್ಧ ಪುಸ್ತಕದ ಅಸಲಿನಲ್ಲಿ, ಒಂದೇ ಒಂದು ಡಿಸ್ಕಿನ ಮೇಲೆ. ಅಣ್ಣ ಅಮ್ಮನಿಗೆ ಮಾತು ಕೊಟ್ಟ, ಕೇಳಿಸುತ್ತೇನೆ ಎಂದು.

ಪುಟ್ಟಿ ಹೋದಂದಿನಿಂದ ಧ್ವನಿಮುದ್ರಣದ ಕೋಣೆಗೆ ಬೀಗ ಬಿದ್ದಿತ್ತು. ತೆಗೆದು ಯಂತ್ರಕ್ಕೆ ಕರೆಂಟು ಕೊಟ್ಟರೆ ಸುಟ್ಟ ವಾಸನೆ. ಅಣ್ಣ ತಕ್ಷಣ ಕರೆಂಟು ತೆಗೆದು ಮುಚ್ಚಳ ಬಿಚ್ಚಿದ. ನೋಡಿದರೆ ಡಿಸ್ಕಿಗೇನೂ ಆಗಿರಲಿಲ್ಲ, ಸುಟ್ಟಿದ್ದು ಸ್ಕಸಿ ಕಾರ್ಡು. ಕಂಪ್ಯೂಟರಿಗೂ ಡಿಸ್ಕುಗಳಿಗೂ ನಡುವೆ ಕೂತು ಮಾತು ದಾಟಿಸುವ ದಲ್ಲಾಳಿ ಅದು. ಅದಿಲ್ಲದೆ ಡಿಸ್ಕಿನಲ್ಲಿ ಏನಿದ್ದರೂ ಇದ್ದ ಹಾಗಲ್ಲ.

ಆ ಮಾದರಿಯ ಕಾರ್ಡು ತಯಾರಾಗುವುದೇ ನಿಂತುಹೋಗಿತ್ತು. ಚಪ್ಪಲಿ ಸವೆಯುವಷ್ಟು ಅಲೆದ ಮೇಲೆ, ಅಚ್ಚುಕೂಟ ನಡೆಸುತ್ತಿದ್ದ ಗೆಳೆಯನೊಬ್ಬನ ಅಟ್ಟದಲ್ಲಿ ಬೇರೆ ಕಂಪನಿಯ ಕಾರ್ಡೊಂದು ಸಿಕ್ಕಿತು. ಯುನಿಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಅಂಥ ಯಂತ್ರದಲ್ಲಿ ಕಾರ್ಡು ಸಿಕ್ಕಿಸಿದರೆ ಮುಗಿಯಿತು ಎಂದುಕೊಳ್ಳುವ ಪುಣ್ಯವಂತರಿದ್ದಾರೆ, ಇರಲಿ. ಆ ಕಾರ್ಡಿನ ಭಾಷೆ ಬಲ್ಲ ಡ್ರೈವರ್ ಎಂಬ ಪ್ರೋಗ್ರಾಮನ್ನು ಯಂತ್ರದ ತಿರುಳಾದ ಕರ್ನೆಲ್ಲಿಗೆ ಸೇರಿಸಿ, ಕರ್ನೆಲ್ಲನ್ನೇ ಹೊಸದಾಗಿ ಕಟ್ಟಬೇಕು. ಅಣ್ಣ ಕಟ್ಟಿದ. ಯಂತ್ರ ಎದ್ದಿತು, ಕಾರ್ಡನ್ನು ಗುರುತಿಸಿತು, ಹೊಸ ಕಾರ್ಡಿನ ಒಂದು ಉಲ್ಟಾ ಬುದ್ಧಿಯೂ ಅವನ ಕಣ್ಣಿಗೆ ಬಿತ್ತು.

ಒಂದೇ ಕೇಬಲ್ಲಿನ ಮೇಲೆ ಸಾಲಾಗಿ ಕೂತ ಡಿಸ್ಕುಗಳಿಗೆ ಒಂದೊಂದು ನಂಬರಿರುತ್ತದೆ. ಅಲ್ಲಿ ಇದ್ದವು ಎರಡು, ಜೊತೆಗೇ ತಂದ ಒಂದೇ ಕಂಪನಿಯ ಒಂದೇ ಅಳತೆಯ ಡಿಸ್ಕುಗಳು. ಚಿಕ್ಕ ನಂಬರಿನದು ಪುಟ್ಟಿಯ ಡಿಸ್ಕು. ದೊಡ್ಡ ನಂಬರಿನದು ಖಾಲಿ, ಇನ್ನೊಂದು ಕೆಟ್ಟರೆ ಬೇಕಾದೀತು ಎಂದು ಮುಟ್ಟದೆ ಇಟ್ಟದ್ದು. ಹಳೇ ಕಾರ್ಡು ಚಿಕ್ಕ ನಂಬರಿನಿಂದ ಎಣಿಸುತ್ತಿತ್ತು, ಹೊಸದು ದೊಡ್ಡದರಿಂದ. ಕಾರ್ಡು ಯಾವುದನ್ನು ಮೊದಲು ತೋರಿಸುತ್ತದೋ ಯುನಿಕ್ಸಿಗೆ ಅದೇ ಮೊದಲನೇ ಡಿಸ್ಕು. ವರ್ಷಗಟ್ಟಲೆ ಪುಟ್ಟಿಯದೇ ಮೊದಲನೆಯದು ಎಂದು ಕೈಗೆ ಅಭ್ಯಾಸವಾಗಿದೆ, ಎಡವಟ್ಟಾಗಬಾರದು ಎಂದು ಅಣ್ಣ ಕಾರ್ಡಿನ ಸೆಟ್ಟಿಂಗಿನೊಳಗೆ ಹೋಗಿ ಎಣಿಕೆಯನ್ನು ಹಳೇ ಕ್ರಮಕ್ಕೆ ತಿರುಗಿಸಿದ. ಒಳ್ಳೆಯ ಕೆಲಸವನ್ನೇ ಮಾಡಿದ.

ಆಮೇಲೆ ಶುರುವಾಯಿತು ನೋಡಿ ಗೋಳು. ಡಿಸ್ಕುಗಳು ಕಾಣಿಸುತ್ತಿದ್ದವು, ಓದಲು ಹೋದರೆ ಯಂತ್ರ ಸ್ತಬ್ಧ. ಪರದೆಯ ಮೇಲೆ ಒಂದೇ ಸಮನೆ ಅದೇ ದೂರು: ಉತ್ತರ ಬರಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೇನೆ. ಅಣ್ಣ ಕೇಬಲ್ಲು ಬದಲಿಸಿದ. ಕೇಬಲ್ಲಿನ ತುದಿಗೆ ಟರ್ಮಿನೇಟರ್ ಎಂಬ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಹೋದ ಸಂಕೇತ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸು ಬಂದು ಎಲ್ಲ ಕಲಸುಮೇಲೋಗರ. ಅದನ್ನೂ ತೆಗೆದು ಒರೆಸಿ ಹಾಕಿದ. ಡ್ರೈವರಿನ ವೇಗ ಇಳಿಸಿದ, ಅದಕ್ಕೂ ಜಗ್ಗಲಿಲ್ಲ. ಕಾರ್ಡಿನ ಸೆಟ್ಟಿಂಗಿನಲ್ಲಿ ಇದನ್ನು ತಿರುಗಿಸಿ ನೋಡಿದ, ಅದನ್ನು ತಿರುಗಿಸಿ ನೋಡಿದ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಹೊಸ ಯಂತ್ರ ತರಿಸೋಣ, ಇದರ ಆಸೆ ಬಿಡಿ ಅಣ್ಣ ಎಂದು ಮೇಲ್ವಿಚಾರಕಿ ಮೆತ್ತಗೆ ಹೇಳಿ ನೋಡಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಮನೆಗೆ ಹೋದರೆ, ಬಾಗಿಲ ಚಿಲಕದ ಸದ್ದಿಗೇ ಅಮ್ಮ "ಸರಿ ಹೋಯ್ತಾ?" ಎನ್ನುತ್ತಿದ್ದಳು. ಇಲ್ಲ ಎನ್ನುವುದು ಅವನಿಗೆ ದಿನದಿನಕ್ಕೂ ಕಷ್ಟವಾಗುತ್ತಿತ್ತು.

ಕಡೆಗೊಂದು ಬೆಳಿಗ್ಗೆ, ಏನೇನು ತಿರುಗಿಸಿದ್ದೇನೆಂದು ತನಗೇ ಗೊತ್ತಿಲ್ಲದಿರುವಾಗ ಕಾರ್ಡಾದರೂ ಏನು ಮಾಡೀತು ಎನ್ನಿಸಿ, ಸೆಟ್ಟಿಂಗುಗಳನ್ನೆಲ್ಲ ಒಟ್ಟಿಗೆ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದ. ಬೇಸತ್ತ ಮೆಕ್ಯಾನಿಕ್ಕುಗಳೆಲ್ಲ ಮಾಡುವುದು ಅದನ್ನೇ. ಯಂತ್ರ ಎದ್ದಿತು. ದೂರಿಲ್ಲ, ತಕರಾರಿಲ್ಲ, ಪರದೆ ಶುಭ್ರ. ಎರಡೂ ಡಿಸ್ಕುಗಳು ಹೂವೆತ್ತಿದಷ್ಟು ಸಲೀಸಾಗಿ ಉತ್ತರ ಕೊಟ್ಟವು. ಅಣ್ಣ ಕುರ್ಚಿಗೆ ಒರಗಿ ಎಷ್ಟೋ ದಿನದ ಮೇಲೆ ಒಂದು ಪೂರ್ತಿ ಉಸಿರು ಬಿಟ್ಟ.

ಮತ್ತೆ ಅವನು ಮಾಡಿದ ಮೊದಲ ಕೆಲಸ ಯಂತ್ರ ಆರಿಸಿ, ಮನೆಗೆ ಹೋಗಿ ಅಮ್ಮನನ್ನು ಕರೆತಂದದ್ದು. ಕೈಹಿಡಿದು ಗಾಜಿನ ಆಚೆಯ ಕೋಣೆಗೆ ಒಯ್ದು, ಪುಟ್ಟಿಯ ಕುರ್ಚಿಯಲ್ಲೇ ಕೂರಿಸಿದ. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಯಾರನ್ನೋ ನೋಡಲು ಬಂದವರ ಹಾಗೆ. ಕೈಯಿಂದ ಮೇಜು ತಡವಿದಳು. ಮೈಕು ಸಿಕ್ಕಿತು, ನೀರಿನ ಲೋಟ ಸಿಕ್ಕಿತು, ಮಗುಚಿಟ್ಟ ಪುಸ್ತಕ ಸಿಕ್ಕಿತು. ಯಾರೂ ಏನನ್ನೂ ಎತ್ತಿಟ್ಟಿರಲಿಲ್ಲ.

ಈಚೆ ಬಂದು ಕೂತ ಅಣ್ಣನಿಗೆ ಒಂದು ಹೆದರಿಕೆ. ಡಿಸ್ಕು ಹಳೆಯದು, ತಿಂಗಳುಗಟ್ಟಲೆ ನಿಂತಿದ್ದದ್ದು, ಕೇಳಿಸುತ್ತಿರುವಾಗಲೇ ಕೈಕೊಟ್ಟರೆ? ಮೊದಲು ಪೂರ್ತಿ ಡಿಸ್ಕನ್ನು ಇದ್ದ ಹಾಗೇ ಖಾಲಿ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡು, ಆಮೇಲೆ ಕೇಳಿಸುವುದು ಸರಿ. ಕಸುಬು ಬಲ್ಲವರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅವನು ಮೈಕಿನಲ್ಲಿ ಅಮ್ಮನಿಗೆ ಹೇಳಿದ, ಒಂದು ನಕಲು ತೆಗೆದುಕೊಂಡು ಬಿಡುತ್ತೇನೆ, ಸ್ವಲ್ಪ ತಡೆ ಎಂದು.

"ಒಂದ್ ಮಾತು ಕೇಳಿಸ್ಬಿಡೋ. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ," ಎಂದಳು ಅಮ್ಮ.

"ಬೇಡಮ್ಮ. ಇರೋದು ಒಂದೇ. ಮೊದ್ಲು ಭದ್ರ ಮಾಡ್ಕೊಳ್ಳೋಣ."

ಅವನು ಯಂತ್ರಕ್ಕೆ ಕರೆಂಟು ಕೊಟ್ಟ. ಯಂತ್ರ ಏಳುವಾಗ ಪರದೆಯ ಮೇಲೆ ಸಾಲು ಸಾಲಾಗಿ ವರದಿ ಹರಿಯಿತು. ಅಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಎಲ್ಲಾದರೂ ದೂರು ಇದೆಯೇ ಎಂದು. ಇರಲಿಲ್ಲ. ಮೊದಲನೇ ಡಿಸ್ಕಿನಿಂದ ಎರಡನೇ ಡಿಸ್ಕಿಗೆ ಎಂದು ಆಜ್ಞೆ ಟೈಪು ಮಾಡಿದ. ಯುನಿಕ್ಸಿಗೆ ಮರುಮಾತು ಗೊತ್ತಿಲ್ಲ. ಖಂಡಿತವೇ ಎಂದು ಕೇಳುವುದಿಲ್ಲ, ಹುಷಾರು ಎನ್ನುವುದಿಲ್ಲ. ಡಿಸ್ಕುಗಳ ದೀಪ ಮಿನುಗತೊಡಗಿತು, ಕಿಟಕಿಟ ಸದ್ದು ಶುರುವಾಯಿತು. ಅಮ್ಮ ಆ ಸದ್ದಿನ ಕಡೆಗೆ ಮುಖ ಮಾಡಿಕೊಂಡು ಕೂತಳು. ಮಧ್ಯೆ ಮೇಲ್ವಿಚಾರಕಿ ಬಂದು ಅಮ್ಮನಿಗೆ ಕುಡಿಯಲು ಬಿಸಿಯಾಗಿ ಏನೋ ಕೊಟ್ಟು, ಭುಜ ಮುಟ್ಟಿ ಹೋದಳು.

ನಕಲು ಮುಗಿಯಿತು, ಒಂದೂ ತಪ್ಪಿಲ್ಲದೆ. ಅಣ್ಣ ಮೊದಲನೇ ಡಿಸ್ಕು ತೆರೆಯಹೋದ. ಇದರಲ್ಲಿ ಏನೂ ಇಲ್ಲ ಎಂದಿತು ಯಂತ್ರ. ಟೈಪು ತಪ್ಪಾಯಿತೇನೋ ಎಂದು ಮತ್ತೆ ಕೇಳಿದ. ಇಲ್ಲ. ಎರಡನೆಯದನ್ನು ಕೇಳಿದ. ಅದರಲ್ಲೂ ಇಲ್ಲ. ಏಳುವಾಗಿನ ವರದಿಯನ್ನು ಪರದೆಗೆ ತಂದು ಈ ಸಲ ಒಂದೊಂದೇ ಅಕ್ಷರ ಓದಿದ. ಮೊದಲನೇ ಡಿಸ್ಕಿನ ಮುಂದೆ ದೊಡ್ಡ ನಂಬರು, ಎರಡನೆಯದರ ಮುಂದೆ ಚಿಕ್ಕ ನಂಬರು. ಬೆಳಿಗ್ಗೆ ಸೆಟ್ಟಿಂಗುಗಳನ್ನೆಲ್ಲ ಅಳಿಸಿದಾಗ, ಅವನು ಮೊದಲು ತಿರುಗಿಸಿಟ್ಟಿದ್ದ ಎಣಿಕೆಯ ಕ್ರಮವೂ ಅಳಿಸಿಹೋಗಿ ಕಾರ್ಡು ತನ್ನ ಉಲ್ಟಾ ಬುದ್ಧಿಗೆ ಮರಳಿತ್ತು. ಅವನು ಖಾಲಿ ಡಿಸ್ಕನ್ನು ಪುಟ್ಟಿಯ ಡಿಸ್ಕಿನ ಮೇಲೆ ನಕಲು ಮಾಡಿದ್ದ. ಮೊದಲಿನಿಂದ ಕೊನೆಯವರೆಗೆ, ಒಂದಿಷ್ಟೂ ಬಿಡದೆ, ಭದ್ರವಾಗಿ.

ವರದಿ ಅವನ ಕಣ್ಣೆದುರೇ ಹರಿದುಹೋಗಿತ್ತು. ದೂರು ಹುಡುಕುವ ಕಣ್ಣಿಗೆ ನಂಬರು ಕಾಣಲಿಲ್ಲ, ಅಷ್ಟೆ.

ಏನಾದರೂ ಸುಳ್ಳು ಹೇಳಬಹುದಿತ್ತು. ಡಿಸ್ಕು ತಾನಾಗಿಯೇ ಹೋಯಿತು ಎಂದರೆ ಯಾರು ಪರೀಕ್ಷೆ ಮಾಡಲು ಬರುತ್ತಿದ್ದರು? ಅವನು ಎದ್ದು ಗಾಜಿನ ಆಚೆಗೆ ಹೋಗಿ, ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ. ಮೈಕಿನಲ್ಲಿ ಹೇಳುವ ಮಾತಲ್ಲ ಅದು.

"ಅಮ್ಮಾ, ಹೋಯ್ತು. ನಾನೇ ಅಳಿಸ್ಬಿಟ್ಟೆ."

"ಎಲ್ಲಾನಾ?"

"ಎಲ್ಲಾ."

ಮೊದಲನೆಯದು ಎರಡನೆಯದು ಎಂದು ಅವನು ಏನೇನೋ ವಿವರಿಸಿದ. ಅಮ್ಮ ನಡುವೆ ಬಾಯಿ ಹಾಕದೆ ಪೂರ್ತಿ ಹೇಳಗೊಟ್ಟಳು. ಅವಳಿಗೆ ಅರ್ಥವಾಗಿದ್ದು ಒಂದೇ. ಒಂದು ಮಾತು ಕೇಳಿಸು ಎಂದಾಗ ಅವನು ಕೇಳಿಸಿದ್ದರೆ ಡಿಸ್ಕು ಅದಲುಬದಲಾಗಿದ್ದು ಆಗಲೇ ಗೊತ್ತಾಗುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಅವನ ಬೋಳು ತಲೆಯ ಮೇಲೆ ಕೈಯಿಟ್ಟಳು, ಹಾಗೇ ಇಟ್ಟುಕೊಂಡಿದ್ದಳು. ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಪುಟ್ಟಿ ಹೋದ ದಿನವೂ ಅವನು ಹೀಗೆ ಅತ್ತಿರಲಿಲ್ಲ, ಆಗ ಓಡಾಟವಿತ್ತು.

ಅಳು ತಗ್ಗಿದ ಮೇಲೆ ಅಮ್ಮ ಮಾತಾಡಿದಳು.

"ಹೋಗ್ಲಿ ಬಿಡು. ಯಂತ್ರ ಹೋದ್ರೆ ನೀನಿದೀಯಲ್ಲ. ದಿನಾ ಕಿವಿಗೆ ಹಾಕ್ಕೊಂಡು ಕೂತಿರ್ತಿದ್ದೆ. ಏನೇನ್ ಅಂತಿದ್ಲು ಹೇಳು. ಅವಳು ಅಂದ ಹಾಗೇ ಹೇಳು."

ಅಣ್ಣ ಬಾಯಿ ತೆರೆದ. ಬಯ್ದಿದ್ದು ಗೊತ್ತು, ನಕ್ಕಿದ್ದು ಗೊತ್ತು, ತಲೆಯನ್ನು ಆಡಿಕೊಂಡಿದ್ದು ಗೊತ್ತು. ಆದರೆ ಅವಳು ಅಂದ ಹಾಗೆ, ಅವಳ ಮಾತಿನಲ್ಲಿ? ಒಂದು ವಾಕ್ಯವೂ ನೆನಪಾಗಲಿಲ್ಲ. ಅವನು ಅವಳ ಮಾತು ಕೇಳುತ್ತಿರಲಿಲ್ಲ, ಗಲೀಜು ಕೇಳುತ್ತಿದ್ದ. ಹಾಳೆ ಸರಿದ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಉಗುಳು ನುಂಗಿದ್ದು, ಕೆಮ್ಮು. ಕತ್ತರಿಸಿ ತೆಗೆಯಬೇಕಾದದ್ದು ಎಲ್ಲಿದೆ ಎಂಬುದೊಂದೇ ಅವನ ಕಿವಿಯ ಕೆಲಸವಾಗಿತ್ತು. ಉಳಿದದ್ದು ಹೇಗೂ ಡಿಸ್ಕಿನಲ್ಲಿ ಇರುತ್ತದಲ್ಲ ಎಂದು ಬಿಟ್ಟಿದ್ದ.

"ಮಾತು ನೆನಪಿಲ್ಲಮ್ಮ. ಎಲ್ಲೆಲ್ಲಿ ಕೆಮ್ಮಿದ್ಲು ಅಂತ ಮಾತ್ರ ಗೊತ್ತು. ಅದನ್ನ ತೆಗೀಬೇಕಿತ್ತಲ್ಲ," ಎಂದ.

ಅಮ್ಮ ಮೇಜು ತಡವಿ, ಮಗುಚಿಟ್ಟ ಪುಸ್ತಕವನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಹಾಗಾದ್ರೆ ಅದೇ ಹೇಳು."

ಅವನು ಮೂಗೊರೆಸಿಕೊಂಡು ಮೊದಲ ಪುಟ ತೆರೆದು ಓದತೊಡಗಿದ. ಅವನದು ಒರಟು ದನಿ, ಓದಿ ಅಭ್ಯಾಸವಿಲ್ಲ. ಕೆಲವು ಪುಟಗಳು ಏನೂ ಇಲ್ಲದೆ ಹೋದವು. ಆಮೇಲೆ ಒಂದು ಕಡೆ ನಿಲ್ಲಿಸಿ, ಇಲ್ಲಿ ಒಂದು ಸಲ ಎಂದ. ಅಮ್ಮ ಹ್ಞೂ ಎಂದಳು. ಅವನು ಮುಂದೆ ಓದಿದ, ಇಲ್ಲಿ ಎಂದ. ಓದುತ್ತ ಹೋದ ಹಾಗೆ ನಿಲ್ಲಿಸುವ ಜಾಗಗಳು ಹತ್ತಿರ ಹತ್ತಿರ ಬಂದವು. ಇಲ್ಲಿ ಎರಡು ಸಲ. ಇಲ್ಲಿ ನೀರು ಕುಡಿದಳು. ಈ ಸಾಲಿನಲ್ಲಿ ಮಧ್ಯಕ್ಕೇ ಬಂತು, ಮತ್ತೆ ಓದಿಸಿದೆ. ಇಲ್ಲಿ ಮತ್ತೆ.

ಅಮ್ಮ ಹ್ಞೂ ಎನ್ನುವುದು ನಿಂತಿತು.

"ಆಗ್ಲೇ ಇಷ್ಟೊಂದು ಇತ್ತಾ?" ಎಂದು ಕೇಳಿದಳು.

"ಇತ್ತಮ್ಮ," ಎಂದ ಅಣ್ಣ. ಪುಟ ತಿರುಗಿಸಿದ.