ಎರುವೇರಾ ಹೇಳಿಕೊಟ್ಟ ಬೆನ್ನುಮಾಂಸ

ನನ್ನ ತಮ್ಮ ಎರುವೇರಾ ಸತ್ತದ್ದು ಹೊಳೆಯಲ್ಲಿ. ಉರೆವೆರಾ ಕಾಡಿನಲ್ಲಿ ಹೊಡೆದ ಜಿಂಕೆಯನ್ನು ಬೆನ್ನಿಗೆ ಕಟ್ಟಿಕೊಂಡು ನೆರೆ ಬಂದ ನೀರಿಗೆ ಇಳಿದ. ಭಾರ ಬಿಚ್ಚಿ ಬಿಸಾಕುವ ಬುದ್ಧಿ ಬರಲಿಲ್ಲ ಮಹಾರಾಯನಿಗೆ. ಸತ್ತ, ಸರಿ. ಆದರೆ ಮನೆ ಬಿಟ್ಟು ಹೋಗಿರಲಿಲ್ಲ.

ತಪ್ಪು ಅವನ ಹೆಂಡತಿ ಹಿನೆಕುರಾಳದ್ದು. ನಮ್ಮಲ್ಲಿ ಮಣ್ಣು ಮಾಡಿ ಬಂದ ಮೇಲೆ, ಸತ್ತವನನ್ನು ಮನೆಯಿಂದ ಕಳಿಸಲು ಪಾದ್ರಿ ಪ್ರಾರ್ಥನೆ ಹೇಳುತ್ತ ಕೋಣೆ ಕೋಣೆ ತುಳಿಯುತ್ತಾರೆ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣಬೇಕು. ಬೆಂದದ್ದು ಮನೆಯವರ ಹೊಟ್ಟೆಗೆ ಬಿದ್ದರೇ ಸತ್ತವನು ಹೊಸಿಲು ದಾಟುವುದು. ಇವಳು ತಟ್ಟೆಯಲ್ಲಿದ್ದುದನ್ನೆಲ್ಲ ಮೇಜಿನಡಿಯ ನಾಯಿಗೆ ಹಾಕಿದಳು. ಗಂಡ ಹೋಗದಿರಲಿ ಎಂದೇ ಹಾಗೆ ಮಾಡಿದಳು. ಅಂದಿನಿಂದ ಆ ಮನೆಯಲ್ಲಿ ಅಡುಗೆಯಿಲ್ಲ. ಬರೀ ಚಹಾ, ಒಣ ಬ್ರೆಡ್ಡು. ಅವಳ ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಹೀಗೇ ಬಿಟ್ಟರೆ ಇನ್ನೊಂದು ಹೆಣ ಹೊರಬೇಕಾಗುತ್ತದೆ ಎಂದು ಒಂದು ಮಧ್ಯಾಹ್ನ ಜಿಂಕೆಯ ಬೆನ್ನುಮಾಂಸ ಹಿಡಿದುಕೊಂಡು ಹೋದೆ.

"ಇವತ್ತು ನೀನು ತಿನ್ನದೆ ನಾನು ಇಲ್ಲಿಂದ ಏಳಲ್ಲ ಕಣೇ," ಎಂದೆ.

"ಇವರಿಗೆ ಇಷ್ಟ ಆಗಲ್ಲ, ಅಕ್ಕ."

"ಅವನ ಇಷ್ಟ ಎಲ್ಲ ಹೊಳೆ ಪಾಲಾಯ್ತು. ಪಾತ್ರೆ ಎಲ್ಲಿ?"

ಆ ಮನೆಯಲ್ಲಿ ಬೆನ್ನುಮಾಂಸವನ್ನು ಎರುವೇರಾ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನನಗೆ ಗೊತ್ತಿದ್ದದ್ದು ತೊಡೆ, ಭುಜ: ನೀರಿಗೆ ಹಾಕು, ಮೂಳೆ ಬಿಡುವವರೆಗೆ ಕುದಿಸು. ಇದಕ್ಕೂ ದೊಡ್ಡ ಪಾತ್ರೆ ತುಂಬ ನೀರು ಹಿಡಿದೆ. ಕುತ್ತಿಗೆಯ ಹಿಂದೆ ತಣ್ಣಗಾಯಿತು. ಹೊಳೆಯ ಕೆಸರಿನ ವಾಸನೆ ಬಂತು. ಕಿಟಕಿ ಮುಚ್ಚಿತ್ತು.

"ನೀರು ಬೇಡವಂತೆ," ಎಂದಳು ಹಿನೆಕುರಾ, ಒಲೆಯ ಮೂಲೆ ನೋಡುತ್ತ. "ದುಡಿಯೋ ಮಾಂಸಕ್ಕೆ ನೀರು. ಇದು ದುಡಿದಿದ್ದೇ ಇಲ್ಲವಂತೆ. ಬಾಣಲೆ ಸಾಕಂತೆ."

ಹುಚ್ಚು ಹಿಡಿದಿದೆ ಅಂದುಕೊಂಡೆ. ಆದರೂ ನೀರು ಚೆಲ್ಲಿದೆ.

"ಮೇಲಿನ ಬಿಳಿ ಪೊರೆ ತೆಗೀಬೇಕಂತೆ. ಚಾಕು ಮಲಗಿಸಿ ಹಿಡೀರಿ ಅಂತಾರೆ."

ಮಲಗಿಸಿ ಹಿಡಿದೆ. ಪೊರೆ ಉದ್ದಕ್ಕೆ ಪಟ್ಟಿಯಾಗಿ ಎದ್ದು ಬಂತು. ಹಿನೆಕುರಾ ಒಂದು ದಿನವೂ ಜಿಂಕೆ ಕೊಯ್ದವಳಲ್ಲ. ನಾನೂ ಆ ಮೂಲೆಯ ಕಡೆ ಒಮ್ಮೆ ತಿರುಗಿ ನೋಡಿದೆ.

"ಬಾಣಲೆ ಇನ್ನೂ ಕಾಯಬೇಕಂತೆ. ನಿಮಗೆ ಯಾವಾಗಲೂ ಅವಸರ ಅಂತಾರೆ."

"ಸತ್ತ ಮೇಲೂ ಅಕ್ಕನಿಗೆ ಬುದ್ಧಿ ಹೇಳೋದು ಬಿಟ್ಟಿಲ್ಲ ನೋಡು ನನ್ಮಗ," ಎಂದೆ. ಧೈರ್ಯಕ್ಕೆ ಅಂದ ಮಾತು.

ಬೆಣ್ಣೆ ಕಂದು ಬಣ್ಣಕ್ಕೆ ತಿರುಗಿದಾಗ ಮಾಂಸ ಇಟ್ಟೆ. ಸುತ್ತ ಕಂದು ಬಣ್ಣ ಬಂದದ್ದೇ ತಡ, "ತೆಗೀರಿ," ಎಂದಳು.

"ಒಳಗೆ ಹಸಿಯಾಗೇ ಇರುತ್ತೆ ಕಣೇ."

"ಇರಲ್ಲವಂತೆ. ಹಲಗೆ ಮೇಲಿಟ್ಟು ಸುಮ್ನೆ ಬಿಡಬೇಕಂತೆ. ಈಗಲೇ ಕೊಯ್ದರೆ ರಸ ಎಲ್ಲ ಹೊರಗೆ ಹೋಗುತ್ತಂತೆ."

ಇಬ್ಬರೂ ಕಾದೆವು. ಮೂರನೆಯವನೂ ಕಾಯುತ್ತಿದ್ದಾನೆ ಎನ್ನುವುದರಲ್ಲಿ ನನಗೆ ಆಗ ಸಂಶಯ ಉಳಿದಿರಲಿಲ್ಲ. ಕೊಯ್ದರೆ ಒಳಗೆ ಗುಲಾಬಿ ಬಣ್ಣ. ತಟ್ಟೆಯನ್ನು ಅವಳ ಮುಂದೆ ತಳ್ಳಿದೆ.

ಅವಳು ಬಹಳ ಹೊತ್ತು ಮೂಲೆಯನ್ನೇ ನೋಡಿದಳು. "ಹೋಗೋಕೆ ಅಂತಾನೇ ಇವರು ಅಡುಗೆ ಮಾಡಿಸಿದ್ದು ಅಲ್ವಾ, ಅಕ್ಕ? ಮೈಮೇಲಿನ ಹೊಳೆ ನೀರು ಆರೋದೇ ಇಲ್ಲ ಇವರಿಗೆ. ನಾನೇ ಇಟ್ಕೊಂಡು ನಡುಗಿಸ್ತಿದೀನಿ."

ತಿಂದಳು. ಅಳುತ್ತ ಒಂದು ತುಂಡು, ಮತ್ತೊಂದು. ನನಗೆ ಗೆದ್ದಷ್ಟು ಸಮಾಧಾನವಾಯಿತು. ಎದ್ದು ಬಾಗಿಲು ತೆರೆದು, "ಹೋಗಪ್ಪ," ಎಂದೆ. ಕೆಸರಿನ ವಾಸನೆ ಹಾಗೇ ಇತ್ತು.

"ಹೊಸಿಲ ಮೇಲೇ ನಿಂತಿದಾರೆ," ಎಂದಳು ಹಿನೆಕುರಾ. "ನಿಮ್ಮನ್ನೇ ನೋಡ್ತಿದಾರೆ. ಮಣ್ಣು ಮಾಡಿದ ದಿನ ಎಲ್ಲರಿಗೂ ಬಡಿಸಿದ್ರಿ, ಅಕ್ಕ. ನೀವೆಲ್ಲಿ ತಿಂದ್ರಿ?"

ತಿಂದಿರಲಿಲ್ಲ. ಕೈ ಬಿಡುವಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಮ್ಮ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಾಂಸ ಅಗಿದು ಬಾಯಿಗಿಟ್ಟು ಬೆಳೆಸಿದವಳು ನಾನು. ಅವನಿಲ್ಲದ ಊಟಕ್ಕೆ ಕೂರಲು ನನ್ನಿಂದ ಆಗಿರಲಿಲ್ಲ.

ಹಿನೆಕುರಾ ತಟ್ಟೆಯನ್ನು ನನ್ನ ಕಡೆ ತಿರುಗಿಸಿದಳು. ಒಂದು ತುಂಡು ಬಾಯಿಗಿಟ್ಟೆ. ಹಲ್ಲೇ ಬೇಡ, ಅಷ್ಟು ಮೆತ್ತಗಿತ್ತು. ನುಂಗಲು ಮಾತ್ರ ಆಗಲಿಲ್ಲ.

"ಇನ್ನೊಂದು ಗಳಿಗೆ ನಿಲ್ಲೋ," ಎಂದೆ, ತುಂಬಿದ ಬಾಯಲ್ಲೇ.

ಆಮೇಲೆ ನುಂಗಿದೆ.

"ಹೋದ್ನಾ?" ಎಂದು ಕೇಳಿದೆ. ಹಿನೆಕುರಾ ಎದ್ದು, ಹೊಸಿಲ ಆಚೆ ಒಮ್ಮೆ ನೋಡಿ, ಬಾಗಿಲು ಹಾಕಿ, ಬಂದು ನನ್ನ ಪಕ್ಕ ಕೂತಳು.