ರಾಗಿಕಿಟ್ಟಿ ಎಂಬ ವೈಫೈ

ವಿಜಯನಗರದ ಆ ಮನೆಯ ವೈಫೈಗೆ ‘ರಾಗಿಕಿಟ್ಟಿ’ ಎಂದು ಹೆಸರಿಟ್ಟವನು ಕಿಟ್ಟಿ. ಅವನೂ ಅಕ್ಕ ರಾಗಿಣಿಯೂ ಚಿಕ್ಕವರಿದ್ದಾಗ ಅಮ್ಮ ಅದೇ ಮನೆಯ ಗೇಟಿಗೆ ಬಂದು, ಒಂದೇ ಉಸಿರಿಗೆ “ರಾಗಿಕಿಟ್ಟೀ, ಊಟಕ್ಕೆ ಬನ್ರೋ” ಎಂದು ಕೂಗುತ್ತಿದ್ದರು. ಹೊಸಬರು ಯಾರಾದರೂ ಕೇಳಿದರೆ ಅದು ಒಂದೇ ಮಗುವಿನ ಹೆಸರು ಅಂದುಕೊಳ್ಳಬೇಕು, ಹಾಗೆ. ವೈಫೈ ಹಾಕಿಸಿದ ದಿನ ಕಿಟ್ಟಿ ಫೋನನ್ನು ಅಮ್ಮನ ಕಣ್ಣ ಮುಂದೆ ಹಿಡಿದು, “ನೋಡಮ್ಮಾ, ಇನ್ಮೇಲೆ ನೀನು ಗಂಟಲು ಹರ್ಕೋಬೇಡ, ಇದೇ ನಮ್ಮನ್ನ ಕೂಗತ್ತೆ” ಎಂದಿದ್ದ. ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು.

ಅಮ್ಮ ಹೋದರು. ಕಿಟ್ಟಿಯ ಕುಡಿತ ಹೋಗಲಿಲ್ಲ. ಅವರ ಮೊದಲ ವರ್ಷದ ವೈದಿಕದ ದಿನ ಪುರೋಹಿತರು ಬಂದು ಕೂತಿದ್ದಾರೆ, ಪಿಂಡದ ಅನ್ನ ಬೆಂದಿದೆ, ಮಡಿಯುಟ್ಟು ಕೂರಬೇಕಾದ ಮಗರಾಯ ತೂರಾಡಿಕೊಂಡು ಬಂದು ದರ್ಭೆಯ ಮೇಲೇ ಕಾಲಿಟ್ಟ! ಪುರೋಹಿತರು ಎದ್ದು ಚಪ್ಪಲಿ ಮೆಟ್ಟಿದರು. ರಾಗಿಣಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಅವಳ ದನಿ ಮೊದಲೇ ದೊಡ್ಡದು. ಅವತ್ತು ಬೀದಿಯ ಕೊನೆಯವರೆಗೂ ಕೇಳಿಸಿತು.

“ಕುಡಿಯೋದು ಬಿಡೋತನಕ ಈ ಹೊಸ್ತಿಲು ತುಳೀಬೇಡ ಕಣೋ. ತುಳಿದ್ರೆ ನಿನ್ನ ಪಾಲಿಗೆ ನಾನು ಸತ್ತೆ ಅಂದ್ಕೋ.”

ಕಿಟ್ಟಿ ಹೋದ. ಫೋನ್ ನಂಬರೂ ಹೋಯಿತು. ಕಾಮಾಕ್ಷಿಪಾಳ್ಯದಲ್ಲಿ ಯಾವುದೋ ವರ್ಕ್‌ಶಾಪಿನಲ್ಲಿದ್ದಾನೆ ಎಂದು ಯಾರೋ ಹೇಳಿದರು. ರಾಗಿಣಿ “ಇರಲಿ ಬಿಡಿ” ಎಂದಳು. ಬಾಯಿ ಹಾಗಂದಿತು, ಹೊಟ್ಟೆ ಅನ್ನಬೇಕಲ್ಲ! ಮದುವೆಯಾಗದೆ ಉಳಿದವಳು, ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಾಘ ಮಾಸದಲ್ಲಿ ಅಮ್ಮನ ವೈದಿಕ ಮತ್ತೆ ಬರುತ್ತದೆ, ಆ ಹೊತ್ತಿಗಾದರೂ ಇವನು ನೆಟ್ಟಗಾಗಿ ಬಂದು ಅಮ್ಮನಿಗೆ ಎಳ್ಳುನೀರು ಬಿಟ್ಟರೆ ಸಾಕು ಎಂದು ದಿನಾ ದೇವರ ಮುಂದೆ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಕಾರ್ತಿಕದಲ್ಲಿ ಒಂದು ಸಂಜೆ ಅವಳ ಆನ್‌ಲೈನ್ ಟ್ಯೂಷನ್ ತಡವರಿಸತೊಡಗಿತು. ಮಹಡಿ ಮನೆಯ ಬಾಡಿಗೆದಾರರಾದ ಮಧ್ವೇಶ್ ಅವರನ್ನು ಕರೆದಳು. ಅವರು ಟೆಲಿಫೋನ್ ಇಲಾಖೆಯಿಂದ ರಿಟೈರ್ ಆದವರು, ಕರೆಯದಿದ್ದರೂ ಬರುವವರು. ಲ್ಯಾಪ್‌ಟಾಪಿನಲ್ಲಿ ರೂಟರ್‌ನ ಪುಟ ತೆರೆದು ನೋಡಿದವರೇ ಕನ್ನಡಕ ಹಣೆಗೇರಿಸಿದರು.

“ಮೇಡಂ, ನಿಮ್ಮ ನೆಟ್‌ವರ್ಕಲ್ಲಿ ಯಾರದೋ ಫೋನಿದೆ. ನಿಮ್ದಲ್ಲ, ನಮ್ದಂತೂ ಅಲ್ಲ.”

ಮಾರನೆಯ ದಿನವೂ ಸಂಜೆ ಅದೇ ಫೋನು ಬಂತು, ಕತ್ತಲಾದ ಮೇಲೆ ಹೋಯಿತು. ಅದರ ಮರುದಿನವೂ ಅಷ್ಟೇ.

“ಕಳ್ಳ ರೀ ಇವನು,” ಎಂದರು ಮಧ್ವೇಶ್. “ಹೊಂಚು ಹಾಕ್ತಾ ಇದಾನೆ. ಬ್ಯಾಂಕಲ್ಲಿರೋದನ್ನೆಲ್ಲ ಗುಡಿಸಿಕೊಂಡು ಹೋಗ್ತಾನೆ ನೋಡ್ತಿರಿ. ಒಂದು ಕೆಲಸ ಮಾಡೋಣ, ವೈಫೈ ಹೆಸರೇ ಯಾರಿಗೂ ಕಾಣದ ಹಾಗೆ ಮುಚ್ಚಿಬಿಡೋಣ. ಹೆಸರೇ ಕಾಣದ ಮೇಲೆ ಕಳ್ಳ ಎಲ್ಲಿಗೆ ಬರ್ತಾನೆ ಹೇಳಿ?”

ಮಾತು ಸರಿ ಎನ್ನಿಸಿತು. ಇನ್ನೂ ಒಂದು ಕಾರಣವಿತ್ತು, ಅದನ್ನು ರಾಗಿಣಿ ಬಾಯಿಬಿಟ್ಟು ಹೇಳಲಿಲ್ಲ. ಟ್ಯೂಷನ್ ವಿಷಯ ಕೇಳಲು ಬಂದ ಪಕ್ಕದ ರಸ್ತೆಯ ಹೆಂಗಸೊಬ್ಬಳು ಫೋನ್ ನೋಡುತ್ತಾ “ರಾಗಿಕಿಟ್ಟಿ ಅಂತ ಬರ್ತಿದೆಯಲ್ಲಾ, ಕಿಟ್ಟಿ ಯಾರು?” ಎಂದು ಕೇಳಿದ್ದಳು. ಅವತ್ತು ರಾಗಿಣಿ ಫೀಸಿನ ಮಾತು ತೆಗೆದು ಅದನ್ನು ತೇಲಿಸಿದ್ದಳು. ಮಧ್ವೇಶ್ ಒಂದು ಚೌಕದಲ್ಲಿ ಟಿಕ್ ಹಾಕಿದರು. ಅವಳ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಆ ಹೆಸರನ್ನು ಕೈಯಾರೆ ಬರೆದು ಸೇರಿಸಿಕೊಟ್ಟರು. ಲೋಕದ ಮಿಕ್ಕವರ ಕಣ್ಣಿಗೆ ರಾಗಿಕಿಟ್ಟಿ ಇಲ್ಲವಾಯಿತು.

ಅವತ್ತಿನಿಂದ ಆ ಫೋನು ಬರಲಿಲ್ಲ. ಮಧ್ವೇಶ್ ಬೀದಿ ತುಂಬಾ ತಮ್ಮ ಸಾಹಸ ಹೇಳಿಕೊಂಡು ಬಂದರು. ರಾಗಿಣಿಯೂ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಳು. ಕಂಪ್ಯೂಟರ್ ಪಾಠ ಮಾಡುವ ಸಿಂಚನಾ ಟಿಫನ್ ಬಾಕ್ಸ್ ಮುಚ್ಚಿ ನಕ್ಕಳು.

“ಅಯ್ಯೋ ಮೇಡಂ, ಅದು ಗೇಟಲ್ಲಿರೋ ನೇಮ್ ಬೋರ್ಡ್ ಕಿತ್ತಿಟ್ಟ ಹಾಗೆ ಅಷ್ಟೇ. ಬೀಗ ಹಾಕಿದ ಹಾಗಲ್ಲ. ಕಳ್ಳನಿಗೆ ಅದಕ್ಕೆ ಅಂತಲೇ ಸಾಫ್ಟ್‌ವೇರ್ ಇರತ್ತೆ, ಕ್ಷಣದಲ್ಲಿ ಹುಡುಕ್ತಾನೆ. ಬೋರ್ಡ್ ನೋಡ್ಕೊಂಡು ಬರೋರು ನೆಂಟರು ಮಾತ್ರ.”

“ಹಾಗಾದ್ರೆ ಆ ಫೋನ್ ಯಾಕೆ ನಿಂತೋಯ್ತು?”

“ಅದೇ ಹೇಳಿದ್ನಲ್ಲ, ಅದು ಕಳ್ಳನದಲ್ಲ. ಅಲ್ಲಾ ಮೇಡಂ, ಒಳಗೆ ಬಂದಿತ್ತು ಅಂದ್ರೆ ಪಾಸ್‌ವರ್ಡ್ ಗೊತ್ತಿರೋರೇ ಅಲ್ವಾ? ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ,” ಎಂದಳು ರಾಗಿಣಿ. ಪಾಸ್‌ವರ್ಡ್ ಅಮ್ಮನ ಹೆಸರು. ಅದನ್ನು ಇಟ್ಟವನು ಕಿಟ್ಟಿ.

ಮನೆಗೆ ಬಂದವಳು ಗೇಟಿನೆದುರಿನ ಹೊಂಗೆಮರದ ಕಟ್ಟೆಯನ್ನು ಸುಮ್ಮನೆ ನೋಡುತ್ತಾ ನಿಂತಳು. ಅಲ್ಲಿಗೆ ವೈಫೈ ಸಿಗುತ್ತದೆ. ದಿನಾ ಸಂಜೆ ಅವಳು ಒಳಗೆ ಪಾಠ ಹೇಳುವಾಗ ಅವನು ಅಲ್ಲಿ ಬಂದು ಕೂರುತ್ತಿದ್ದನೇ? ಆ ಟಿಕ್ ತೆಗೆಯಲು ಎಷ್ಟು ಹೊತ್ತು! ಆದರೆ ಅವಳ ಹಾಳು ಸಿಟ್ಟು ಸುಮ್ಮನಿರಬೇಕಲ್ಲ. ಗೇಟಿನ ತನಕ ಬರೋಕೆ ಬರತ್ತೆ, ಬೆಲ್ ಒತ್ತೋಕೆ ಏನು ಧಾಡಿ ಇವನಿಗೆ? ಅಕ್ಕ ಬೇಕಿದ್ದರೆ ಬಾಯಿಬಿಟ್ಟು ಕೇಳಲಿ. ವೈದಿಕಕ್ಕೆ ಬಂದೇ ಬರ್ತಾನೆ, ಆಗ ಎರಡು ಬೈದು ಬಡಿಸಿದರಾಯಿತು. ಹೀಗೆ ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.

ಸಂಕ್ರಾಂತಿ ಕಳೆಯಿತು. ವೈದಿಕ ಹತ್ತಿರ ಬಂತು. ಪುರೋಹಿತರು ಫೋನ್ ಮಾಡಿ, “ಕರ್ತೃವಾಗಿ ಕೂರೋದು ಯಾರಮ್ಮಾ ಈ ಸಲ?” ಎಂದು ಕೇಳಿದರು. “ಕಿಟ್ಟಿನೇ,” ಎಂದು ಅವಳ ಬಾಯಿಂದ ತಾನಾಗಿ ಬಂತು. ಮಾತು ಕೊಟ್ಟಾಯಿತು, ಇನ್ನೆಲ್ಲಿಯ ಬಿಗುಮಾನ? ಅವನಿಗೆಂದು ಹೊಸ ಪಂಚೆ ತಂದು ಬೀರುವಿನಲ್ಲಿಟ್ಟು, ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಹೊರಟಳು. ಹೊಸ್ತಿಲು ತುಳಿಯಬೇಡ ಎಂದವಳು ತಾನು, ಕರೆದುಕೊಂಡು ಬರಬೇಕಾದವಳೂ ತಾನೇ. ದಾರಿಯುದ್ದಕ್ಕೂ ಏನೆಂದು ಮಾತು ಶುರು ಮಾಡಲಿ ಎಂದು ಯೋಚಿಸಿದಳು.

ಗಾರ್ಮೆಂಟ್ಸು, ಲೇತ್ ಅಂಗಡಿ, ಪೇಂಟಿನ ಶೆಡ್ಡು ಎಲ್ಲ ಕಡೆ ಕೇಳುತ್ತಾ ಹೋದಳು. ಕೊನೆಗೆ ಒಂದು ಶೆಡ್ಡಿನಲ್ಲಿ ಕಬ್ಬಿಣದ ಗ್ರಿಲ್ಲು ಉಜ್ಜುತ್ತಿದ್ದ ಕಿಟ್ಟಿಯ ವಯಸ್ಸಿನವನೊಬ್ಬ ಕೈ ನಿಲ್ಲಿಸಿ ತಲೆಯೆತ್ತಿದ. ಹೆಸರು ಮಹದೇವ್.

“ನೀವು... ರಾಗಿಣಿ ಅಕ್ಕನಾ?”

“ಹೌದಪ್ಪಾ. ಕಿಟ್ಟಿ ಎಲ್ಲಿ?”

ಅವನು ಎದ್ದು, ಸ್ಟೂಲನ್ನು ಬಟ್ಟೆಯಲ್ಲಿ ಒರೆಸಿ ಇಟ್ಟ. “ಕೂತ್ಕೊಳ್ಳಿ ಅಕ್ಕಾ,” ಎಂದ. ಆ ಒರೆಸುವುದರಲ್ಲೇ ಅವಳಿಗೆ ಗೊತ್ತಾಗಿಹೋಯಿತು.

“ಸಂಕ್ರಾಂತಿಗೆ ಮುಂಚೆನೇ ಹೋಗ್ಬಿಟ್ಟ ಅಕ್ಕಾ. ರಕ್ತ ಕಾರ್ಕೊಂಡ, ಆಸ್ಪತ್ರೆಗೆ ಹಾಕಿದ್ವಿ, ಉಳೀಲಿಲ್ಲ. ವಿಜಯನಗರದಲ್ಲಿ ಮನೆ ಎಲ್ಲಿ ಅಂತ ಎಷ್ಟು ಕೇಳಿದ್ರೂ ಬಾಯ್ಬಿಡ್ಲಿಲ್ಲ. ನಾವೇ ಸ್ನೇಹಿತರು ಸೇರ್ಕೊಂಡು ಸುಮನಹಳ್ಳಿ ಚಿತಾಗಾರದಲ್ಲಿ ಎಲ್ಲಾ ಮುಗಿಸಿದ್ವಿ.”

ರಾಗಿಣಿಗೆ ಅಳು ಬರಲಿಲ್ಲ. ಕೋಪವೇ ಬಂತು. “ಕುಡಿದೂ ಕುಡಿದೂ ಸತ್ನಾ? ಅಷ್ಟು ಹೇಳಿದ್ನಲ್ಲೋ!”

“ಬಿಟ್ಟಿದ್ದ ಅಕ್ಕಾ,” ಎಂದ ಮಹದೇವ್. “ದೇವರಾಣೆ. ಯುಗಾದಿಯಿಂದ ಒಂದು ತೊಟ್ಟು ಮುಟ್ಟಿರಲಿಲ್ಲ. ದಿನಾ ಕೆಲಸ ಮುಗಿಸಿ, ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ವಿಜಯನಗರಕ್ಕೆ ಹೋಗೋನು. ಯಾಕೋ ಅಂದ್ರೆ, ‘ಅಕ್ಕ ಹೊಸ್ತಿಲು ತುಳೀಬೇಡ ಅಂದಿದಾಳೆ ಗುರು, ನನ್ನ ಫೋನಿಗೆ ಹೊಸ್ತಿಲು ಇಲ್ವಲ್ಲ. ಅದು ಒಳಗೆ ಹೋಗಿ ಬರತ್ತೆ. ಪಾಸ್‌ವರ್ಡ್ ಬದಲಾಯಿಸಿಲ್ಲ ಅಂದ್ರೆ ಅಕ್ಕನಿಗೆ ನಾನಿನ್ನೂ ಬೇಕು ಅಂತ’ ಅನ್ನೋನು. ಅಮ್ಮನ ವೈದಿಕಕ್ಕೆ ನೇರವಾಗಿ ಹೋಗಿ ನಿಲ್ತೀನಿ, ಆಗ ಅಕ್ಕ ನಂಬ್ತಾಳೆ ಅಂತಿದ್ದ.”

“ಆಮೇಲೆ?”

“ಕಾರ್ತಿಕದಲ್ಲಿ ಒಂದಿನ ಬೇಗ ವಾಪಸ್ ಬಂದ. ‘ಅಕ್ಕ ನನ್ನ ಹೆಸರೇ ಅಳಿಸಿಹಾಕಿದಾಳೆ ಕಣೋ’ ಅಂದ. ಗೋಡೆ ಕಡೆ ಮುಖ ಮಾಡಿ ಮಲಗಿದೋನು ಊಟಕ್ಕೂ ಏಳ್ಲಿಲ್ಲ. ಮಾರನೇ ದಿನ ಮತ್ತೆ ಶುರು. ಆ ಸಲ ಕುಡಿದಿದ್ದು ಕುಡಿತ ಅಲ್ಲ ಅಕ್ಕಾ, ಸಾಯೋಕೆ ಅಂತಲೇ ಕುಡಿದ.” ಮಹದೇವ್ ಒಳಗಿಂದ ಕಿಟ್ಟಿಯ ಹಳೇ ಫೋನ್ ತಂದು ಅವಳ ಕೈಗಿಟ್ಟ. “ಮನೆಯವರು ಯಾರಾದ್ರೂ ಫೋನ್ ಮಾಡ್ತಾರೇನೋ ಅಂತ ಚಾರ್ಜ್ ಹಾಕಿ ಇಟ್ಟಿದ್ವಿ. ಯಾರೂ ಮಾಡ್ಲಿಲ್ಲ.”

ಬಸ್ಸಿನಲ್ಲಿ ಅವಳು ಫೋನನ್ನು ಸೆರಗಿನೊಳಗೆ ಒತ್ತಿ ಹಿಡಿದಿದ್ದಳು. ಇಳಿದು ಮನೆ ಮುಂದೆ ಬಂದವಳು ಒಳಗೆ ಹೋಗಲಿಲ್ಲ, ಹೊಂಗೆಮರದ ಕಟ್ಟೆಯ ಮೇಲೆ ಕೂತಳು. ಅಲ್ಲಿಂದ ಅಡುಗೆಮನೆ ಕಿಟಕಿ, ಅಮ್ಮ ನಿಂತು ಕೂಗುತ್ತಿದ್ದ ಗೇಟು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಿಟ್ಟಿಯ ಫೋನಿನಲ್ಲಿ ವೈಫೈ ಗುರುತಿರಲಿಲ್ಲ. ಅವನು ಕೊನೆಯ ಸಲ ಇಲ್ಲಿ ಬಂದು ಕೂತಾಗ ಕಂಡದ್ದೂ ಇದನ್ನೇ.

ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಮಧ್ವೇಶ್ ತೋರಿಸಿದ್ದ ಪುಟ ಹುಡುಕಿ, ಆ ಟಿಕ್ ತೆಗೆದಳು. ಮೇಜಿನ ಮೇಲಿದ್ದ ಕಿಟ್ಟಿಯ ಫೋನು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಯಾರೂ ಮುಟ್ಟದೆ, ಏನೂ ಕೇಳದೆ, ತಾನಾಗಿ ಸೇರಿಕೊಂಡಿತು. ಮೇಲೆ ಪುಟ್ಟ ವೈಫೈ ಗುರುತು ಮೂಡಿತು. ರಾಗಿಣಿ ಆಗ ಅತ್ತಳು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮಹಡಿಯಿಂದ ಮಧ್ವೇಶ್ ದಡದಡ ಇಳಿದು ಬಂದರು. “ಮೇಡಂ, ನಿಮ್ಮ ವೈಫೈ ಹೆಸರು ಮತ್ತೆ ಎಲ್ಲರಿಗೂ ಕಾಣ್ತಾ ಇದೆ!” ಲ್ಯಾಪ್‌ಟಾಪಿಗೆ ಬಗ್ಗಿದವರು ಗಾಬರಿಯಾದರು. “ನೋಡಿದ್ರಾ, ಹೇಳಿರಲಿಲ್ವಾ ನಾನು? ಅದೇ ಕಳ್ಳ ಬಂದೇಬಿಟ್ಟಿದಾನೆ! ಇರಿ, ಮತ್ತೆ ಮುಚ್ಚಿಬಿಡ್ತೀನಿ.”

ಅವರ ಕೈ ಮುಂದೆ ಹೋಗುವ ಮೊದಲೇ ರಾಗಿಣಿ ಅಡ್ಡ ಹಿಡಿದಳು.

“ಮುಟ್ಟಬೇಡಿ ಸಾರ್. ಕಳ್ಳ ಅಲ್ಲ. ನಮ್ಮ ಕಿಟ್ಟಿ. ಈಗ ಮನೆಗೆ ಬಂದಿದಾನೆ.”

ಮಧ್ವೇಶ್ ಏನೂ ಅರ್ಥವಾಗದೆ ಬಾಗಿಲ ಕಡೆ ತಿರುಗಿ ನೋಡಿದರು. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ.