ಲಾರಿಮಾಮನಿಗೆ ಸಿಕ್ಕ ಜಾಗ

ಕೇರಿಯವರ ಹೆಗಲಿಂದ ಸಿಪಾಯಿಗಳ ಹೆಗಲಿಗೆ ಶವಪೆಟ್ಟಿಗೆ ದಾಟಿದ್ದೇ ತಡ, ಕಾವಲುಗಾರ ಗೇಟು ಎಳೆದುಬಿಟ್ಟ. ಗಂಡ ಒಳಗಾದ, ಹೆಂಡತಿ ಹೊರಗೇ ಉಳಿದಳು.

"ಪೌರತ್ವದ ಕಾರ್ಡು ತೋರಿಸಿ," ಅಂದ ಕಾವಲುಗಾರ.

"ಇಲ್ಲಪ್ಪ."

"ಹಾಗಾದ್ರೆ ಇಲ್ಲೇ ನಿಂತ್ಕೊಳ್ಳಿ ಅಮ್ಮ. ಸೈನಿಕರ ಸ್ಮಶಾನ ದಂಡಿನ ಆವರಣದೊಳಗಿದೆ. ಕಾರ್ಡಿಲ್ಲದವರನ್ನ ಬಿಡೋ ಹಾಗಿಲ್ಲ."

"ಅಪ್ಪನ ಹತ್ರಾನೂ ಇರ್ಲಿಲ್ಲ," ಮಗಳು ಪೆಟ್ಟಿಗೆಯತ್ತ ಕೈ ತೋರಿಸಿದಳು. "ಅವರನ್ನ ಹೇಗೆ ಬಿಟ್ರಿ?"

ಕಾವಲುಗಾರ ಒಳಗೆ ನಿಂತಿದ್ದ ದಂಡಿನ ಸಾಹೇಬರತ್ತ ನೋಡಿದ. ಪೆಟ್ಟಿಗೆಗೆ ಬಾವುಟ ಹೊದಿಸಿಕೊಂಡು ಹೊರಟಿದ್ದ ನಾಲ್ವರು ಸಿಪಾಯಿಗಳು ನಿಂತಲ್ಲೇ ನಿಂತರು. ಅವರಲ್ಲೊಬ್ಬ ಸತ್ತವನ ಮಗ. ಅಪ್ಪನಿಗೆ ಹೆಗಲು ಕೊಡಲೆಂದು ಸಾಹೇಬರೇ ಅವನನ್ನು ಆರಿಸಿದ್ದರು. ಸಮವಸ್ತ್ರದಲ್ಲಿದ್ದವನು ತಿರುಗಿ ನೋಡುವ ಹಾಗೂ ಇರಲಿಲ್ಲ.

*

ಸತ್ತವನನ್ನು ಕೇರಿಯವರೆಲ್ಲ ಲಾರಿಮಾಮ ಎನ್ನುತ್ತಿದ್ದರು. ಮೂರು ತಲೆಮಾರಿನಿಂದ ಇಲ್ಲೇ ಇದ್ದರೂ ಆ ಕೇರಿಯ ಜನ ಸರಕಾರದ ಲೆಕ್ಕದಲ್ಲಿ ಹೊರಗಿನವರೇ. ಸೈನ್ಯದಲ್ಲಿ ದುಡಿದರೆ ಮನೆಮಂದಿಗೆಲ್ಲ ಪೌರತ್ವ ಎಂದಾಗ ಅವನು ದಂಡಿನ ಲಾರಿ ಹತ್ತಿದ. ಗುಂಡು ಹಾರುವ ದಾರಿಯಲ್ಲಿ ನೀರು, ಅಕ್ಕಿ, ಮದ್ದುಗುಂಡು, ಹೆಣ, ಎಲ್ಲ ಸಾಗಿಸಿದ. ತಲೆ ನೆರೆತ ಮೇಲೆ ಒಂದು ದಿನ ಕಾರ್ಡು ಕೇಳಲು ಕಚೇರಿಗೆ ಹೋಗಿ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನಡೆದು, ನಗಲು ಶುರುಮಾಡಿದ.

"ಏನಂದ್ರು?" ಹೆಂಡತಿ ಕೇಳಿದಳು.

"ಕೋವಿ ಹಿಡಿದವರಿಗೆ ಮಾತ್ರ ಅಂತೆ ಕಣೇ. ನಾನು ಹಿಡಿದಿದ್ದು ಸ್ಟೇರಿಂಗು. ಸತ್ರೆ ಮಾತ್ರ ಒಳ್ಳೇ ಜಾಗ ಕೊಡ್ತಾರಂತೆ. ಬಾವುಟಾನೂ ಹೊದಿಸ್ತಾರಂತೆ, ಚಳಿ ಆಗದ ಹಾಗೆ."

ಮಗನಿಗೆ ಆಗಿನ್ನೂ ಮೀಸೆ ಚಿಗುರುತ್ತಿತ್ತು. "ಹಾಗಾದ್ರೆ ನಾನು ಕೋವಿ ಹಿಡೀತೀನಿ," ಅಂದ. ಅಪ್ಪನ ನಗು ಅಲ್ಲಿಗೇ ನಿಂತಿತು.

*

"ನಮ್ಮ ಯಜಮಾನ್ರನ್ನ ವಾಪಸ್ ಕೊಡಿ," ಅಂದಳು ಹೆಂಡತಿ. ಅವಳು ಅಳುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. "ನಮ್ಮ ಕೇರಿ ಮಣ್ಣಿಗೇ ಹಾಕ್ತೀವಿ."

ಸಾಹೇಬರು ಹತ್ತಿರ ಬಂದರು. ಕೆಟ್ಟವರೇನಲ್ಲ.

"ಮನೆಯವರು ಕೇಳಿದ್ರೆ ಕೊಡಲೇಬೇಕು ತಾಯಿ. ಆದ್ರೆ ಬಾವುಟ ಗೇಟು ದಾಟೋ ಹಾಗಿಲ್ಲ. ಸಿಪಾಯಿಗಳೂ ಅಷ್ಟೇ." ಮಗನ ಕಡೆ ತಿರುಗಿ ದನಿ ತಗ್ಗಿಸಿದರು. "ಅಪ್ಪಣೆ ಇಲ್ದೆ ದಾಟಿದ್ರೆ ಓಡಿಹೋದ ಅಂತ ಬರೀಬೇಕಾಗುತ್ತೆ ಕಣಪ್ಪ. ಇನ್ನೊಂದು ವರ್ಷ ತಡ್ಕೋ. ನಿಮ್ಮಮ್ಮಂಗೂ ಅಕ್ಕಂಗೂ ಕಾರ್ಡು ಬರುತ್ತೆ."

ಗೇಟು ತೆರೆಯಿತು. ಬಾವುಟ ತೆಗೆದಾಗ ಪೆಟ್ಟಿಗೆಯ ಒರಟು ಹಲಗೆ ಕಂಡಿತು. ಮೂವರು ಸಿಪಾಯಿಗಳ ಜಾಗಕ್ಕೆ ಮಗಳು, ಅವಳ ಗಂಡ, ಪಕ್ಕದ ಮನೆಯ ಬಡಗಿ ಬಂದು ಹೆಗಲು ಕೊಟ್ಟರು. ಮಗ ತನ್ನ ಜಾಗ ಬಿಡಲಿಲ್ಲ.

"ಬಿಡೋ," ಅಮ್ಮನ ಸಿಟ್ಟು ಇಳಿದು ಈಗ ಹೆದರಿಕೆ ಹತ್ತಿತ್ತು. "ನೀನು ಒಳಗೇ ಇರು. ಇಷ್ಟು ವರ್ಷ ಕಷ್ಟಪಟ್ಟಿದ್ದನ್ನೆಲ್ಲ ನೀರುಪಾಲು ಮಾಡ್ಬೇಡ."

"ಅಪ್ಪಾನೂ ಕಾದ್ರಲ್ಲಮ್ಮ."

"ನನ್ನ ಮಾತು ಕೇಳು ಕಂದ."

ಅವನು ಕೇಳಲಿಲ್ಲ. ಗೇಟು ದಾಟಿದ. ಸಾಹೇಬರು ಅವನನ್ನು ಕರೆಯಲು ಬಾಯಿ ತೆರೆದವರು ಕೈಯಲ್ಲಿದ್ದ ಬಾವುಟ ಮಡಚತೊಡಗಿದರು.

ರಸ್ತೆಯಲ್ಲಿ ಪೆಟ್ಟಿಗೆ ಅತ್ತಿತ್ತ ವಾಲತೊಡಗಿತು. ಉಳಿದವರು ಕಾಲೆಳೆದುಕೊಂಡು ನಡೆಯುತ್ತಿದ್ದರೆ ಮಗನ ಬೂಟು ಮಾತ್ರ ಕವಾಯತಿನ ಲೆಕ್ಕದಲ್ಲೇ ಬೀಳುತ್ತಿತ್ತು.

"ನಿಧಾನ ಕಣೋ," ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಅಕ್ಕ ಅಂದಳು.

ಅವನು ಒಂದು ಹೆಜ್ಜೆ ತಡೆದು ಅಕ್ಕನ ನಡಿಗೆಗೆ ಕಾಲು ಹೊಂದಿಸಿದ. ಪೆಟ್ಟಿಗೆ ವಾಲುವುದು ನಿಂತಿತು.